ಹಸನ್: ಮದೀನಾದಿಂದ ಅಲಾಯಿ ಕುಣಿಯವರೆಗೆ

ಪ್ರವಾದಿ ಮುಹಮ್ಮದರ ಮೊಮ್ಮಗ ಹಸನ್ ಖಲೀಫರಾಗಿದ್ದು ಕ್ರಿ.ಶ. 661ರಲ್ಲಿ, ಆರೇಳು ತಿಂಗಳು ಮಾತ್ರ. ತಂದೆ ಅಲಿಯವರ ಕೊಲೆಯ ಬೆನ್ನಿಗೇ ಕೂಫಾದಲ್ಲಿ ಬಂದ ಅಧಿಕಾರವನ್ನು ರಕ್ತಪಾತ ತಪ್ಪಿಸಲೆಂದು ಎದುರಾಳಿ, ಸಿರಿಯಾದ ಆಡಳಿತಗಾರ ಮುಆವಿಯಾಗೆ ಬಿಟ್ಟುಕೊಟ್ಟು ಮದೀನಾಕ್ಕೆ ಮರಳಿದರು. ದೊಡ್ಡ ಎದೆಯ ನಿರ್ಧಾರವದು. ಅವರ ತಮ್ಮ ಹುಸೇನ್ 680ರ ಮೊಹರಂ ತಿಂಗಳಲ್ಲಿ ಕರ್ಬಲಾದಲ್ಲಿ ಮಡಿದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜನಪದರಿಗೆ ಈ ಅಣ್ಣತಮ್ಮಂದಿರು ಮೊಹರಂ ದೇವರು. ಬೆಂಕಿ ಹಾಕುವ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ, ದೇವರ ಹಸ್ತದಾಕಾರದ ಪಂಜಾಗಳು ಕೂಡುತ್ತವೆ, ಮನೆಮನೆಯಲ್ಲಿ ಗೋಧಿ-ಬೆಲ್ಲದ ಚೋಂಗೆ. ಕತ್ತಲ ರಾತ್ರಿಯಿಡೀ ಹೆಜ್ಜೆಮೇಳ. ಅಲ್ಲಿ ಹಾಡುವ ರಿವಾಯತ್ ಪದಗಳು ಕನ್ನಡದವು. ಕಟ್ಟುವವರಲ್ಲಿ, ಹಾಡುವವರಲ್ಲಿ ಹಿಂದೂಗಳೂ ಬಹಳ. ಈ ಪದಗಳು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದವು. ಬಲ್ಲ ಹಿರಿಯರು ನಿಮ್ಮೂರಲ್ಲಿದ್ದರೆ ದಯವಿಟ್ಟು ಬರೆದಿಟ್ಟುಕೊಳ್ಳಿ.