ಡಕೋಟಾ: ಯುದ್ಧಕ್ಕೂ ಅಂಚೆಗೂ ಹಾರಿದ ವಿಮಾನ

ಕೆಮ್ಮುತ್ತಾ ಕುಂಟುತ್ತಾ ಸಾಗುವ ಹಳೆಯ ಬಸ್ಸನ್ನು ಕಂಡರೆ ನಮ್ಮವರು ‘ಡಕೋಟಾ ಗಾಡಿ’ ಎಂದು ಹಾಸ್ಯ ಮಾಡುವುದುಂಟು. ಆ ಹೆಸರನ್ನು ನಿಜವಾಗಿ ಹೊತ್ತಿದ್ದ ವಿಮಾನಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಅಮೆರಿಕದ ಡಗ್ಲಾಸ್ ಕಂಪನಿಯ ಡಿಸಿ-3 ವಿಮಾನವು ಮೊದಲ ಬಾರಿಗೆ ಹಾರಿದ್ದು 1935ರ ಡಿಸೆಂಬರ್ 17ರಂದು. ರೈಟ್ ಸಹೋದರರ ಪ್ರಥಮ ಹಾರಾಟಕ್ಕೆ ಸರಿಯಾಗಿ 32 ವರ್ಷ ತುಂಬಿದ ದಿನ. ಲೋಹದ ಒಡಲು, ಎರಡು ಎಂಜಿನ್, 95 ಅಡಿ ಅಗಲದ ರೆಕ್ಕೆಗಳು, 21 ಆಸನಗಳು. ಅದುವರೆಗೆ ಅಂಚೆ ಸಾಗಣೆಯ ಹಣವನ್ನೇ ನೆಚ್ಚಿಕೊಂಡಿದ್ದ ವಿಮಾನ ಸಂಸ್ಥೆಗಳಿಗೆ, ಕೇವಲ ಪ್ರಯಾಣಿಕರ ಟಿಕೆಟ್ ಹಣದಿಂದಲೇ ಲಾಭ ಗಳಿಸಬಹುದೆಂದು ತೋರಿಸಿಕೊಟ್ಟದ್ದು ಈ ವಿಮಾನ. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಇದರ ಸೈನಿಕ ರೂಪಗಳು 10,000ಕ್ಕೂ ಮಿಕ್ಕಿ ತಯಾರಾದವು. ‘ಡಕೋಟಾ’ ಎಂಬುದು ಬ್ರಿಟಿಷ್ ವಾಯುಪಡೆ ಇಟ್ಟ ಹೆಸರು.

1942ರಲ್ಲಿ ಜಪಾನೀಯರು ಬರ್ಮಾ ರಸ್ತೆಯನ್ನು ಮುಚ್ಚಿದಾಗ, ಚೀನಾಕ್ಕೆ ಸಾಮಗ್ರಿ ಒಯ್ಯಲು ಅಸ್ಸಾಮಿನಿಂದ ಕುನ್ಮಿಂಗ್‌ಗೆ ಹಿಮಾಲಯದ ಪೂರ್ವದ ಕವಲುಗಳ ಮೇಲಿನ ದಾರಿಯೊಂದೇ ಉಳಿಯಿತು. ವೈಮಾನಿಕರು ಅದನ್ನು ‘ಹಂಪ್’ ಎಂದು ಕರೆದರು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 6.5 ಲಕ್ಷ ಟನ್ ಸರಕು ಆ ಮಾರ್ಗವಾಗಿ ಸಾಗಿತು. ಮೊದಲ ತಿಂಗಳುಗಳ ಹೊರೆ ಬಿದ್ದದ್ದು ಡಕೋಟಾಗಳ ಬೆನ್ನಿಗೆ; ಹೆಚ್ಚು ಭಾರ ಹೊರುವ ವಿಮಾನಗಳು ಬಂದದ್ದು ಆಮೇಲೆ. ಹಾರಿಹೋದವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಮೈಸೂರು ಸರಕಾರದ ನೆರವಿನಿಂದ ವಾಲಚಂದ್ ಹೀರಾಚಂದರು 1940ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ವಹಿಸಿಕೊಂಡಿತು. ಯುದ್ಧಾನಂತರ ಉಳಿದ ಡಕೋಟಾಗಳನ್ನು ನಾಗರಿಕ ಸೇವೆಗೆ ಸಜ್ಜುಗೊಳಿಸುವ ಕೆಲಸವೂ ಅಲ್ಲಿ ನಡೆಯಿತು. ಅಗ್ಗವಾಗಿ ದೊರೆತ ಈ ವಿಮಾನಗಳಿಂದಲೇ ಭಾರತದಲ್ಲಿ ಹಲವು ವಿಮಾನ ಸಂಸ್ಥೆಗಳು ತಲೆಯೆತ್ತಿದವು. ದೇಶದ ಪ್ರಥಮ ಮಹಿಳಾ ವಾಣಿಜ್ಯ ಪೈಲಟ್ ಪ್ರೇಮ್ ಮಾಥುರ್ ಅವರಿಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್; ಆಕೆ ಹಾರಿಸಿದ್ದೂ ಡಕೋಟಾವನ್ನೇ.

1947ರ ಅಕ್ಟೋಬರ್ 27ರ ಮುಂಜಾನೆ ಸಿಖ್ ರೆಜಿಮೆಂಟಿನ ಒಂದನೆಯ ಬೆಟಾಲಿಯನ್ ಯೋಧರನ್ನು ದೆಹಲಿಯಿಂದ ಶ್ರೀನಗರಕ್ಕೆ ಒಯ್ದದ್ದೂ ಇವೇ. ವಾಯುಪಡೆಯ ಬಳಿ ಇದ್ದ ವಿಮಾನಗಳು ಸಾಲದೆ ಖಾಸಗಿ ಸಂಸ್ಥೆಗಳ ವಿಮಾನ, ಪೈಲಟ್‌ಗಳನ್ನೂ ಕರೆಸಿಕೊಳ್ಳಬೇಕಾಯಿತು. ಸಂಬಳಕ್ಕೆ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಆ ನಾಗರಿಕ ಪೈಲಟ್‌ಗಳ ಹೆಸರು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅಪರೂಪ ಎಂಬುದು ಖೇದದ ಸಂಗತಿ.

ಮುಂದಿನ ವರ್ಷದ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಇನ್ನೂ ದೊಡ್ಡ ಸಾಹಸಕ್ಕಿಳಿದರು. ಸಮುದ್ರಮಟ್ಟದಿಂದ 10,000 ಅಡಿಗೂ ಎತ್ತರದ ಲೇಹ್‌ನಲ್ಲಿ ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು ಮರಳಿನ ಬಯಲಿನಲ್ಲಿ ಸಿದ್ಧಪಡಿಸಿದ್ದ ಪಟ್ಟಿಯ ಮೇಲೆ ಅವರು ಡಕೋಟಾ ಇಳಿಸಿದರು. ದಾರಿಯ ನಕ್ಷೆ ಸಮರ್ಪಕವಾಗಿರಲಿಲ್ಲ. ವಿಮಾನದೊಳಗೆ ವಾಯುಒತ್ತಡ ಕಾಪಾಡುವ ವ್ಯವಸ್ಥೆಯೂ ಇರಲಿಲ್ಲ. ಜೊತೆಯಲ್ಲಿ ಕುಳಿತಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಲೇಹ್‌ ಅನ್ನು ಉಳಿಸಿಕೊಳ್ಳಲು ಸೈನಿಕರು ತಲುಪಿದ್ದು ಅನಂತರ ಇದೇ ಮಾರ್ಗವಾಗಿ.

ಶಾಂತಿಕಾಲದಲ್ಲಿ ಈ ವಿಮಾನ ಮಾಡಿದ ಕೆಲಸ ಹೆಚ್ಚು ಮಂದಿಗೆ ತಿಳಿದಿಲ್ಲ. 1949ರ ಜನವರಿಯಲ್ಲಿ ಆರಂಭವಾದ ರಾತ್ರಿ ವಿಮಾನ ಅಂಚೆ ಸೇವೆಯಲ್ಲಿ ಮುಂಬಯಿ, ದೆಹಲಿ, ಕಲ್ಕತ್ತಾ, ಮದರಾಸುಗಳಿಂದ ಹೊರಟ ನಾಲ್ಕು ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಕೂಡುತ್ತಿದ್ದವು. ಚೀಲಗಳನ್ನು ವಿನಿಮಯ ಮಾಡಿಕೊಂಡು, ಬೆಳಕು ಹರಿಯುವಷ್ಟರಲ್ಲಿ ತಮ್ಮ ಊರುಗಳಿಗೆ ಹಿಂದಿರುಗುತ್ತಿದ್ದವು. ಸಂಜೆ ಮುಂಬಯಿಯಲ್ಲಿ ಹಾಕಿದ ಕಾಗದ ಮರುದಿನ ಮದರಾಸಿಗೆ! ಡ್ರಾಫ್ಟು, ಚೆಕ್ಕುಗಳು ಅಂಚೆಯನ್ನೇ ನಂಬಿದ್ದ ಕಾಲವನ್ನು ಕಂಡ ನನ್ನಂಥ ಬ್ಯಾಂಕ್ ನೌಕರನಿಗೆ ಇದರ ಬೆಲೆ ಏನೆಂಬುದು ಬಲ್ಲ ಮಾತು. ಅದಕ್ಕೆ ತೆತ್ತ ಬೆಲೆಯೂ ಇತ್ತು. 1953ರ ಡಿಸೆಂಬರ್‌ನಲ್ಲಿ ನಾಗಪುರದಿಂದ ಮೇಲೇರಿದ ಅಂಚೆ ವಿಮಾನವೊಂದು ಕೆಳಗುರುಳಿ 13 ಮಂದಿ ಅಸುನೀಗಿದರು.

ಅದೇ ವರ್ಷದ ಆಗಸ್ಟ್‌ನಲ್ಲಿ ಖಾಸಗಿ ಸಂಸ್ಥೆಗಳನ್ನು ಒಗ್ಗೂಡಿಸಿ ರಚಿಸಿದ್ದ ಇಂಡಿಯನ್ ಏರ್‌ಲೈನ್ಸ್‌ನ ವಿಮಾನಗಳಲ್ಲಿ ಬಹುಪಾಲು ಡಕೋಟಾಗಳೇ. 1971ರ ಡಿಸೆಂಬರ್ 11ರಂದು ಪೂರ್ವ ಪಾಕಿಸ್ತಾನದ ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಯೋಧರನ್ನು ಇಳಿಸಿದ ತಂಡದಲ್ಲಿಯೂ ಇವು ಇದ್ದವು.

ವಾಯುಪಡೆಯಿಂದ ನಿವೃತ್ತಿಯಾದ ಎಷ್ಟೋ ವರ್ಷಗಳ ಬಳಿಕ, ಬ್ರಿಟನ್ನಿನಲ್ಲಿ ದುರಸ್ತಿಗೊಂಡ ಒಂದು ಡಕೋಟಾ 2018ರ ಏಪ್ರಿಲ್‌ನಲ್ಲಿ ಹಾರಿಬಂದು ದೆಹಲಿ ಬಳಿಯ ಹಿಂಡನ್‌ನಲ್ಲಿ ಇಳಿಯಿತು. ‘ಪರಶುರಾಮ’ ಎಂಬ ಹೆಸರಿನ ಅದನ್ನು ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟವರು ರಾಜೀವ್ ಚಂದ್ರಶೇಖರ್. ಅವರ ತಂದೆ ಏರ್ ಕಮೊಡೋರ್ ಎಂ. ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದರು. ವಿಮಾನದ ಮೇಲೆ ಬರೆದಿರುವುದು ವಿಪಿ 905 ಎಂಬ ಸಂಖ್ಯೆ; 1947ರ ಅಕ್ಟೋಬರ್‌ನಲ್ಲಿ ಶ್ರೀನಗರಕ್ಕೆ ಹಾರಿದ ಡಕೋಟಾದ ಸಂಖ್ಯೆ ಅದು.