ಜಾಲದ ನಕ್ಷೆ ಮತ್ತು ಅಧಿಕಾರದ ಕೇಂದ್ರ

ಕಂಪ್ಯೂಟರ್‌ಗಳನ್ನು ಪರಸ್ಪರ ಜೋಡಿಸುವ ಕೆಲಸವನ್ನು ನಾವು ಇಂಜಿನಿಯರುಗಳಿಗೆ ಬಿಟ್ಟು ನಿಶ್ಚಿಂತರಾಗಿರುತ್ತೇವೆ. ಯಾವ ತಂತಿ ಎಲ್ಲಿಗೆ ಹೋಗಬೇಕು, ಯಂತ್ರಗಳು ಯಾವ ನಿಯಮದಂತೆ ಮಾತಾಡಬೇಕು ಎಂಬುದು ನಮಗೆ ಸಂಬಂಧಿಸಿದ ವಿಷಯವಲ್ಲ ಎಂದೇ ನಮ್ಮ ಭಾವನೆ. ಆದರೆ ಈ ಜಾಲಗಳ ಚರಿತ್ರೆಯನ್ನು ತುಸು ಗಮನವಿಟ್ಟು ನೋಡಿದರೆ ಬೇರೊಂದು ಸತ್ಯ ಎದುರಾಗುತ್ತದೆ. ಜಾಲದ ನಕ್ಷೆ ಬರೆಯುವುದೆಂದರೆ ಅಧಿಕಾರ ಎಲ್ಲಿರಬೇಕೆಂದು ತೀರ್ಮಾನಿಸುವುದೂ ಹೌದು.

1960ರ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣ್ವಸ್ತ್ರಗಳನ್ನು ಎದುರುಬದುರಾಗಿ ಹೂಡಿ ಕುಳಿತಿದ್ದವು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬಾರನ್ ಎಂಬ ಇಂಜಿನಿಯರ್‌ನನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಬಾಂಬು ಬಿದ್ದ ಮೇಲೂ ದೇಶದ ಸಂಪರ್ಕ ವ್ಯವಸ್ಥೆ ಉಳಿಯುವುದು ಹೇಗೆ? 1964ರಲ್ಲಿ ಪ್ರಕಟವಾದ ವರದಿಗಳಲ್ಲಿ ಆತ ಮೂರು ನಕ್ಷೆಗಳನ್ನು ಮುಂದಿಟ್ಟ. ಮೊದಲನೆಯದರಲ್ಲಿ ಎಲ್ಲ ದಾರಿಗಳೂ ಒಂದೇ ಕೇಂದ್ರಕ್ಕೆ ಬಂದು ಸೇರುತ್ತವೆ. ಎರಡನೆಯದರಲ್ಲಿ ಕೆಲವು ಕೇಂದ್ರಗಳಿವೆ. ಮೂರನೆಯದು ಮೀನಿನ ಬಲೆಯಂತಿದೆ. ಅದರಲ್ಲಿ ಕೇಂದ್ರವೇ ಇಲ್ಲ. ಬಲೆಯ ಒಂದು ಗಂಟು ಹರಿದರೂ ಬಲೆ ಬಲೆಯಾಗಿಯೇ ಉಳಿಯುತ್ತದೆ. ಪ್ರತಿಯೊಂದು ಗಂಟಿಗೆ ಮೂರು ನಾಲ್ಕು ದಾರಿಗಳಿದ್ದರೆ ಸಾಕು, ಭಾರೀ ಹಾನಿಯಾದರೂ ಉಳಿದ ಗಂಟುಗಳು ಮಾತಾಡುತ್ತಲೇ ಇರುತ್ತವೆ ಎಂದು ಆತ ಲೆಕ್ಕ ಹಾಕಿ ತೋರಿಸಿದ. ಸಂದೇಶವನ್ನು ತುಂಡು ತುಂಡಾಗಿಸಿ, ಬಿಸಿ ಆಲೂಗಡ್ಡೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ತೆರೆದಿರುವ ದಾರಿಯಲ್ಲಿ ಮುಂದಕ್ಕೆ ಸಾಗಿಸಬೇಕೆಂಬುದು ಆತನ ಸೂಚನೆಯಾಗಿತ್ತು.

ಅಮೆರಿಕದ ದೂರವಾಣಿಯ ಒಡೆತನ ಅಂದು ಬಹುಮಟ್ಟಿಗೆ ಎಟಿ ಅಂಡ್ ಟಿ ಕಂಪೆನಿಯದ್ದು. ಇದು ನಡೆಯುವ ಕೆಲಸವಲ್ಲ ಎಂದು ಅದರ ತಜ್ಞರು ತಳ್ಳಿಹಾಕಿದರು. ಎಕ್ಸ್‌ಚೇಂಜನ್ನೇ ಹೃದಯವೆಂದು ನಂಬಿದವರಿಗೆ ಹೃದಯವಿಲ್ಲದ ದೇಹವನ್ನು ಕಲ್ಪಿಸುವುದು ಸುಲಭವಾಗಿರಲಿಲ್ಲ. ಆದರೆ ಇದೇ ವಿಚಾರ 1965ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಡೇವಿಸ್‌ಗೂ ಸ್ವತಂತ್ರವಾಗಿ ಹೊಳೆಯಿತು. ಆ ತುಂಡುಗಳಿಗೆ 'ಪ್ಯಾಕೆಟ್' ಎಂದು ಹೆಸರಿಟ್ಟದ್ದು ಆತನೇ.

1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಅರ್ಪಾನೆಟ್ ಆರಂಭವಾಯಿತು. ಅಣುಯುದ್ಧಕ್ಕಾಗಿಯೇ ಇದನ್ನು ಕಟ್ಟಲಾಯಿತೆಂಬ ಮಾತು ಜನಜನಿತವಾಗಿದೆ. ವಾಸ್ತವದಲ್ಲಿ ಅದರ ಉದ್ದೇಶ ದುಬಾರಿ ಕಂಪ್ಯೂಟರ್‌ಗಳನ್ನು ಸಂಶೋಧಕರು ಹಂಚಿಕೊಳ್ಳುವುದಾಗಿತ್ತು. ವರ್ಷದ ಕೊನೆಗೆ ಜಾಲದಲ್ಲಿದ್ದದ್ದು ಕೇವಲ 4 ಕೇಂದ್ರಗಳು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬೇರೆ ಬೇರೆ ಬಗೆಯ ಯಂತ್ರಗಳು ಪರಸ್ಪರ ಮಾತಾಡಲು ನಿಯಮಗಳು ಬೇಕಿದ್ದವು. ಅವುಗಳನ್ನು ಬರೆಯತೊಡಗಿದವರು ದೊಡ್ಡ ಅಧಿಕಾರಿಗಳಲ್ಲ, ವಿದ್ಯಾರ್ಥಿಗಳು. ಅವರಲ್ಲೊಬ್ಬನಾದ ಸ್ಟೀವ್ ಕ್ರಾಕರ್ 1969ರ ಏಪ್ರಿಲ್ 7ರಂದು ಮೊದಲ ಟಿಪ್ಪಣಿಯನ್ನು ಹೊರತಂದ. ಆಜ್ಞೆ ಹೊರಡಿಸಿದಂತೆ ಕಾಣಬಾರದೆಂಬ ಸಂಕೋಚದಿಂದ ಆ ಟಿಪ್ಪಣಿಗಳಿಗೆ 'ಅಭಿಪ್ರಾಯಕ್ಕಾಗಿ ವಿನಂತಿ' ಎಂದು ಹೆಸರಿಡಲಾಯಿತು. ಆ ಮಾಲೆ ಇಂದು 9 ಸಾವಿರವನ್ನು ದಾಟಿದೆ. ಯಾರು ಬೇಕಾದರೂ ಹಣ ಕೊಡದೆ ಅವುಗಳನ್ನು ಓದಬಹುದು.

ಈ ವಿನಯಕ್ಕೆ ಎದುರಾಳಿಯೂ ಇತ್ತು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 1984ರಲ್ಲಿ 7 ಪದರಗಳ ಮಾದರಿಯೊಂದನ್ನು ಪ್ರಕಟಿಸಿತು. ಅದರ ಬೆನ್ನಿಗೆ ಸರಕಾರಗಳಿದ್ದವು, ದೊಡ್ಡ ಕಂಪೆನಿಗಳಿದ್ದವು. ಇತ್ತ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ರೂಪರೇಷೆ ನೀಡಿದ್ದ ಟಿಸಿಪಿ/ಐಪಿ ನಿಯಮಗಳಿಗೆ ಅರ್ಪಾನೆಟ್ 1983ರ ಜನವರಿ 1ರಂದು ಬದಲಾಗಿತ್ತು. ಒಂದು ಕಡೆ ಸಮಿತಿಗಳ ದೀರ್ಘ ಚರ್ಚೆ ಮತ್ತು ಬೆಲೆ ಕೊಟ್ಟು ಕೊಳ್ಳಬೇಕಾದ ದಾಖಲೆಗಳು. ಇನ್ನೊಂದು ಕಡೆ ತೆರೆದ ನಿಯಮ ಮತ್ತು ನಡೆಯುತ್ತಿರುವ ಜಾಲ. ಗೆದ್ದದ್ದು ಎರಡನೆಯದು. ಭಾರತದಲ್ಲಿ 1986ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಸೇರಿದಂತೆ 8 ಸಂಸ್ಥೆಗಳೊಂದಿಗೆ ಆರಂಭವಾದ ಎರ್ನೆಟ್ ಮೊದಲು ಎರಡೂ ಪದ್ಧತಿಗಳನ್ನು ಪ್ರಯತ್ನಿಸಿತು; ಕೊನೆಗೆ ಟಿಸಿಪಿ/ಐಪಿಯಲ್ಲೇ ನೆಲೆ ನಿಂತಿತು. ಏಳು ಪದರಗಳು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪಠ್ಯಗಳಲ್ಲಿ ಉಳಿದಿವೆ.

ಕಚೇರಿಯ ಕೋಣೆಯೊಳಗೂ ಇದೇ ಕತೆ. 1973ರಲ್ಲಿ ಝೆರಾಕ್ಸ್ ಕಂಪೆನಿಯ ಬಾಬ್ ಮೆಟ್‌ಕಾಫ್ ರೂಪಿಸಿದ ಈಥರ್‌ನೆಟ್‌ನಲ್ಲಿ ಎಲ್ಲ ಯಂತ್ರಗಳೂ ಒಂದೇ ಉದ್ದನೆಯ ಕೇಬಲ್ಲಿಗೆ ಜೋತುಬಿದ್ದಿದ್ದವು. ಐಬಿಎಂ ಕಂಪೆನಿಯ ಟೋಕನ್ ರಿಂಗ್‌ನಲ್ಲಿ ಮಾತಾಡುವ ಸರದಿ ಉಂಗುರದಂತೆ ಸುತ್ತುತ್ತಿತ್ತು. ಈಥರ್‌ನೆಟ್‌ನ ನಿಯಮಗಳನ್ನು ಮೂರು ಕಂಪೆನಿಗಳು ಸೇರಿ 1980ರಲ್ಲಿ ಪ್ರಕಟಿಸಿ ಇತರರಿಗೂ ತೆರೆದಿಟ್ಟವು. ತಯಾರಕರು ಹೆಚ್ಚಿದರು, ಬೆಲೆ ಇಳಿಯಿತು, ಉಂಗುರ ಮರೆಗೆ ಸರಿಯಿತು. 1990ರ ಹೊಸ ಮಾನಕದ ಬಳಿಕ ಪ್ರತಿ ಯಂತ್ರದಿಂದಲೂ ಒಂದೊಂದು ತಂತಿ ನಡುವಿನ ಪೆಟ್ಟಿಗೆಗೆ ಬಂದು ಸೇರುವ ನಕ್ಷತ್ರಾಕಾರ ರೂಢಿಯಾಯಿತು. ಒಂದು ತಂತಿ ಕೆಟ್ಟರೆ ಒಂದೇ ಯಂತ್ರಕ್ಕೆ ತೊಂದರೆ. ಪೆಟ್ಟಿಗೆಯೇ ಕೆಟ್ಟರೆ? ಇಡೀ ಕೋಣೆ ಮೂಕವಾಗುತ್ತದೆ.

ಕೋಣೆಯಲ್ಲಿ ಅನುಕೂಲವಾದ ಕೇಂದ್ರ ದೇಶದಲ್ಲಿ ಅಪಾಯವಾಗಬಲ್ಲದು. ಅಂತರ್ಜಾಲದ ನಿಯಮಕ್ಕೆ ಒಡೆಯನಿಲ್ಲ. ಆದರೆ ತಂತಿಗಳಿಗೆ, ಟವರ್‌ಗಳಿಗೆ ಒಡೆಯರಿದ್ದಾರೆ. ಅವರು ಕೆಲವರೇ ಆಗಿರುವಲ್ಲಿ, ಅವರ ಲೈಸನ್ಸ್ ಸರಕಾರದ ಕೈಯಲ್ಲಿರುವಲ್ಲಿ, ಬಾರನ್‌ನ ಬಲೆ ಮತ್ತೆ ಮೊದಲನೆಯ ನಕ್ಷೆಯಾಗಿಬಿಡುತ್ತದೆ. 2019ರ ಆಗಸ್ಟ್‌ನಲ್ಲಿ ಜಮ್ಮು-ಕಾಶ್ಮೀರದ ಸಂಪರ್ಕ ಕಡಿದುಹಾಕಲು ಬಾಂಬು ಬೇಕಾಗಲಿಲ್ಲ, ಆದೇಶ ಸಾಕಾಯಿತು. ಅಂತರ್ಜಾಲವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವಂತಿಲ್ಲ, ಅಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿತು. ಆದರೂ 4ಜಿ ಸೇವೆ ಅಲ್ಲಿ ಪೂರ್ಣವಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಆ ದಿನಗಳಲ್ಲಿ ಆನ್‌ಲೈನ್ ಪಾಠಕ್ಕೆ ಕುಳಿತ ಮಗುವಿಗೆ, ವ್ಯಾಪಾರಿಗೆ, ದೂರದಲ್ಲಿದ್ದ ಮಗನಿಗೆ ಕರೆ ಮಾಡಹೊರಟ ತಾಯಿಗೆ ಜಾಲದ ನಕ್ಷೆ ಇಂಜಿನಿಯರುಗಳ ವಿಷಯವಾಗಿ ಉಳಿದಿರಲಾರದು.

ತೆರೆದ ನಿಯಮ ನಮಗೆ ಜಗತ್ತಿನ ಬಾಗಿಲನ್ನು ತೆರೆದುಕೊಟ್ಟಿತು. ಅದನ್ನು ಮುಚ್ಚುವ ಕೀಲಿ ಯಾರ ಕೈಯಲ್ಲಿದೆ, ಎಷ್ಟು ಜನರ ಕೈಯಲ್ಲಿದೆ ಎಂದು ವಿಚಾರಿಸುವ ಹೊಣೆ ಮಾತ್ರ ತಜ್ಞರದ್ದಲ್ಲ, ನಮ್ಮೆಲ್ಲರದ್ದು.