ವಾಹನದಾನದ ಪೂರ್ವೋತ್ತರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ಮಕ್ಕಳು ಬೆಳೆದು ಬೇರೆ ಊರು ಸೇರಿದ ಮೇಲೆ ಅಂಗಳದಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತ ಸಂಸಾರದ ಹಳೆಯ ಎಸ್‌ಯುವಿಯನ್ನು, ಮಾರಾಟದ ಗೋಜಿಗೆ ಹೋಗದೆ, ಯಾವುದಾದರೊಂದು ಧರ್ಮಾರ್ಥ ಸಂಸ್ಥೆಗೆ ಒಪ್ಪಿಸಿಬಿಡುವ ಪದ್ಧತಿಯೊಂದುಂಟು. ಇದು ಪ್ರಾಚೀನವಾದುದೇನೂ ಅಲ್ಲ. ಆದರೂ ಇದರ ಮೂಲವನ್ನು ಅರಸಿ ಹೊರಟವನು ಪರೋಪಕಾರದ ಚರಿತ್ರೆಯನ್ನು ಎಷ್ಟು ಓದಬೇಕಾಗುವುದೋ ಅದಕ್ಕಿಂತ ಹೆಚ್ಚಾಗಿ ಆದಾಯ ತೆರಿಗೆಯ ಶಾಸನಗಳನ್ನು ಓದಬೇಕಾಗುತ್ತದೆ.

ಬಳಸಿದ ವಸ್ತುವನ್ನು ಬಡವರಿಗಾಗಿ ಎತ್ತಿಕೊಡುವ ರೂಢಿ ಆ ದೇಶದಲ್ಲಿ ಮೋಟಾರು ಮನೆಮನೆಗೆ ಬರುವುದಕ್ಕಿಂತ ಹಿಂದಿನದು. 1902ರಲ್ಲಿ ಬಾಸ್ಟನ್ ನಗರದ ಮೆಥಡಿಸ್ಟ್ ಪಾದ್ರಿ ಎಡ್ಗರ್ ಹೆಲ್ಮ್ಸ್ ಅವರು ಉಳ್ಳವರ ಮನೆಗಳಿಂದ ಹಳೆಯ ಬಟ್ಟೆಬರೆ, ಗೃಹೋಪಕರಣಗಳನ್ನು ಸಂಗ್ರಹಿಸಿ, ಕೆಲಸವಿಲ್ಲದ ಬಡಜನರಿಂದಲೇ ಅವನ್ನು ದುರಸ್ತಿ ಮಾಡಿಸಿ, ಮಾರಿ ಬಂದ ಹಣದಲ್ಲಿ ಅವರಿಗೆ ಕೂಲಿ ಕೊಡಲಾರಂಭಿಸಿದರು. ಮುಂದೆ ಗುಡ್‌ವಿಲ್ ಎಂದು ಹೆಸರಾದ ಸಂಸ್ಥೆಯ ಆರಂಭವದು. ಮೊದಲನೆಯ ಮಹಾಯುದ್ಧದ ವೆಚ್ಚಕ್ಕಾಗಿ 1917ರಲ್ಲಿ ತೆರಿಗೆಯ ದರಗಳನ್ನು ವಿಪರೀತವಾಗಿ ಏರಿಸಿದಾಗ, ಶ್ರೀಮಂತರು ವಿದ್ಯಾಲಯಗಳಿಗೂ ಆಸ್ಪತ್ರೆಗಳಿಗೂ ಕೊಡುವುದನ್ನು ನಿಲ್ಲಿಸಿಬಿಟ್ಟಾರೆಂಬ ಭಯದಿಂದ ಅಲ್ಲಿಯ ಕಾಂಗ್ರೆಸ್ಸು, ಆದಾಯದ ಶೇಕಡ 15ರ ಮಿತಿಯೊಳಗಿನ ದಾನಕ್ಕೆ ತೆರಿಗೆ ಬೀಳದಂತೆ ವಿಧಿಸಿತು. ಕಾಲಕ್ರಮದಲ್ಲಿ ವಸ್ತುರೂಪದ ದಾನಕ್ಕೂ ಈ ಸೌಲಭ್ಯ ಸಂದಿತು. ವಸ್ತುವಿಗೆ ಬೆಲೆ ಕಟ್ಟುವವನು ಮಾತ್ರ ದಾನಿಯೇ ಆಗಿದ್ದ. ಹಳೆಯ ಕೋಟಿನ ವಿಷಯದಲ್ಲಿ ಇದರಿಂದ ಬೊಕ್ಕಸವೇನೂ ಬರಿದಾಗಲಿಲ್ಲ. ಮೋಟಾರು ಬಂದಾಗ ಲೆಕ್ಕ ಬೇರೆಯಾಯಿತು.

ಎಸ್‌ಯುವಿಯೂ ಒಂದರ್ಥದಲ್ಲಿ ಶಾಸನದ ಕೂಸೇ. 1975ರ ಇಂಧನ ಮಿತವ್ಯಯದ ಕಾನೂನು ಕಾರುಗಳನ್ನು ಬಿಗಿಹಿಡಿದು ಲಘು ಟ್ರಕ್ಕುಗಳನ್ನು ಸಡಿಲ ಬಿಟ್ಟುದರಿಂದ, ಟ್ರಕ್ಕಿನ ಚಾಸಿಯ ಮೇಲೆ ಸಂಸಾರದ ಗಾಡಿಯನ್ನು ಕಟ್ಟುವುದು ತಯಾರಕರಿಗೆ ಲಾಭಕರವಾಯಿತು; 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಅಂಥದು. ಆ ಗಾಡಿಗಳಿಗೆ ಮುಪ್ಪು ಹತ್ತುವ ಹೊತ್ತಿಗೆ ರೇಡಿಯೋ ಜಾಹೀರಾತುಗಳು ಕರೆಯತೊಡಗಿದ್ದವು: ಒಂದು ಫೋನು ಮಾಡಿದರೆ ಸಾಕು, ಎಳೆದೊಯ್ಯುವ ಲಾರಿ ಬಾಗಿಲಿಗೆ ಬರುವುದು, ರಸೀದಿ ಕೈಸೇರುವುದು. ಗಾಡಿ ಹರಾಜಿಗೆ ಹೋಗಿ, ಮಧ್ಯವರ್ತಿಯ ಪಾಲು, ಸಾಗಣೆ, ಜಾಹೀರಾತುಗಳ ವೆಚ್ಚವೆಲ್ಲ ಕಳೆದು ಉಳಿದದ್ದು ಸಂಸ್ಥೆಗೆ. ದಾನಿಯಾದರೋ ಸುಸ್ಥಿತಿಯ ಗಾಡಿಗೆ ಬೆಲೆಪುಸ್ತಕದಲ್ಲಿ ಕಾಣಿಸಿದ ಅಂಕಿಯನ್ನೇ ತನ್ನ ತೆರಿಗೆಯ ಪತ್ರದಲ್ಲಿ ಬರೆಯುತ್ತಿದ್ದ. ಹಾಲು ಬತ್ತಿದ, ಇನ್ನು ಹುಲ್ಲು ಮೇಯಲಾರದ ಗೋವುಗಳನ್ನು ತಂದೆ ದಾನ ಕೊಡುವುದನ್ನು ಕಂಡು ಮರುಗಿದ ನಚಿಕೇತನ ಕಥೆ ನಮ್ಮವರಿಗೆ ಹೊಸದಲ್ಲ; ಆದರೆ ವಾಜಶ್ರವಸನು ಬಯಸಿದ್ದು ಪುಣ್ಯವನ್ನಷ್ಟೇ, ಬಡಕಲು ಹಸುವಿಗೆ ಎಳೆಗಂದಿಯ ಬೆಲೆ ಕಟ್ಟಿ ಅರಸನಲ್ಲಿ ಕಂದಾಯದ ಮಾಫಿ ಕೇಳಿದವನಲ್ಲ.

ಕಾಂಗ್ರೆಸ್ಸಿನ ಲೆಕ್ಕಪರಿಶೋಧನ ಕಚೇರಿಯು 2003ರಲ್ಲಿ ಹೊರತಂದ ವರದಿಯ ಪ್ರಕಾರ, 2000ದ ತೆರಿಗೆ ವರ್ಷದಲ್ಲಿ ಸುಮಾರು 7,33,000 ಮಂದಿ ವಾಹನದಾನದ ವಿನಾಯಿತಿ ಕೇಳಿ, ಒಟ್ಟು 65 ಕೋಟಿ ಡಾಲರಿಗೂ ಮಿಕ್ಕ ತೆರಿಗೆಯನ್ನು ಉಳಿಸಿಕೊಂಡಿದ್ದರು. ಪರೀಕ್ಷೆಗೆ ಎತ್ತಿಕೊಂಡ 54 ಪ್ರಕರಣಗಳ ಮೂರನೆಯ ಎರಡು ಪಾಲಿನಲ್ಲಿ, ದಾನಿ ಹೇಳಿಕೊಂಡ ಬೆಲೆಯ ಶೇಕಡ 5 ಅಥವಾ ಅದಕ್ಕೂ ಕಡಮೆ ಮಾತ್ರ ಸಂಸ್ಥೆಗೆ ಮುಟ್ಟಿತ್ತು. ದಾನಿಗಳೆಲ್ಲರೂ ಕಪಟಿಗಳೆಂದು ಇದರಿಂದ ಹೇಳುವುದು ಸಲ್ಲದು. ಓಡುವ ಗಾಡಿಯನ್ನು ಒಬ್ಬ ಗೃಹಸ್ಥ ಇನ್ನೊಬ್ಬನಿಗೆ ಮಾರುವ ಬೆಲೆ ಬೇರೆ, ಹರಾಜಿನಲ್ಲಿ ವ್ಯಾಪಾರಿ ಕೂಗುವ ಬೆಲೆ ಬೇರೆ.

2004ರ ಅಕ್ಟೋಬರಿನಲ್ಲಿ ಅಂಕಿತ ಪಡೆದ ಶಾಸನವು ಈ ಅಂತರವನ್ನು ಅಳಿಸಿತು: ಮುಂದಿನ ಜನವರಿಯಿಂದ, 500 ಡಾಲರು ಮೀರಿದ ಬೆಲೆ ಹೇಳುವ ದಾನಿಗೆ, ಗಾಡಿಯನ್ನು ಮಾರಿ ಬಂದ ಮೊತ್ತವೇ ವಿನಾಯಿತಿಯ ಮೇರೆ. 6,000 ಪೌಂಡು ಮೀರಿದ ಎಸ್‌ಯುವಿಯನ್ನು ವ್ಯಾಪಾರಕ್ಕೆಂದು ಕೊಂಡವನು ಅದೇ ವರ್ಷದ ಲೆಕ್ಕದಲ್ಲಿ ಕಳೆಯಬಹುದಾಗಿದ್ದ 1,00,000 ಡಾಲರಿನ ಮಿತಿಯನ್ನು 25,000ಕ್ಕೆ ಇಳಿಸಿದ್ದೂ ಇದೇ ಶಾಸನ. ಕೊಳ್ಳುವವನ ಅನುಕೂಲವೂ ಕೊಡುವವನ ಅನುಕೂಲವೂ ಒಟ್ಟಿಗೇ ಮೊಟಕಾದವು. ದಾನಗಳ ಸಂಖ್ಯೆ ತಟಕ್ಕನೆ ಕುಸಿಯಿತು.

ಆದರೆ ಅಲ್ಲಿ ಒಂದು ಕಿಂಡಿಯನ್ನು ಬುದ್ಧಿಪೂರ್ವಕವಾಗಿ ತೆರೆದಿಟ್ಟಿದ್ದರು. ಸಂಸ್ಥೆಯು ಗಾಡಿಯನ್ನು ತನ್ನ ಸೇವಾಕಾರ್ಯದಲ್ಲಿ ದುಡಿಸಿಕೊಂಡರೆ, ದೊಡ್ಡ ದುರಸ್ತಿ ಮಾಡಿಸಿದರೆ, ಅಥವಾ ಬಡವನಿಗೆ ಉಚಿತವಾಗಿಯೋ ಪೇಟೆಬೆಲೆಗಿಂತ ಬಹಳ ಕಡಮೆ ಬೆಲೆಗೋ ಕೊಟ್ಟರೆ, ದಾನಿಗೆ ಪೂರ್ಣ ಪೇಟೆಬೆಲೆಯ ವಿನಾಯಿತಿ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿನಲ್ಲಿ 1996ರಲ್ಲಿ ಹುಟ್ಟಿದ ಗುಡ್ ನ್ಯೂಸ್ ಗರಾಜ್ ಇಂಥ ಕೆಲಸವನ್ನೇ ಮಾಡುತ್ತಿತ್ತು. ಸರ್ಕಾರದ ನೆರವು ಬೇಕಾದವರು ದುಡಿಯಲೇಬೇಕೆಂದು ಕಾನೂನು ಕಟ್ಟಪ್ಪಣೆ ಮಾಡಿದ್ದೂ ಅದೇ ವರ್ಷ. ಬಸ್ಸು ಅಪರೂಪವಾದ ಹಳ್ಳಿಗಾಡಿನಲ್ಲಿ ಗಾಡಿಯಿಲ್ಲದವನಿಗೆ ಕೆಲಸವೂ ಇಲ್ಲ. ದಾನವಾಗಿ ಬಂದ ಗಾಡಿಯನ್ನು ಮೆಕ್ಯಾನಿಕ್ಕುಗಳು ಸರಿಪಡಿಸಿ ಅಂಥ ಸಂಸಾರಕ್ಕೆ ಕೊಡುವುದು, ನನ್ನ ಎಣಿಕೆಯಲ್ಲಿ, ಈ ಇಡೀ ಚರಿತ್ರೆಯ ಗೌರವಾರ್ಹ ಭಾಗ. ಆದರೂ ಭಾರಿ ಎಸ್‌ಯುವಿ ಇಲ್ಲಿ ನಿಷ್ಕಳಂಕ ವರವೇನಲ್ಲ. ಹಿಮದ ಹಾದಿಯಲ್ಲಿ ಅದರ ಬಲ ಹಿತವಾದರೂ, ಪೆಟ್ರೋಲಿನ ಖರ್ಚು ಕೂಲಿಯ ಗಣ್ಯ ಭಾಗವನ್ನು ನುಂಗೀತು.

2009ರ ಬೇಸಗೆಯಲ್ಲಿ ಸರ್ಕಾರವೇ ಧರ್ಮಸಂಸ್ಥೆಗಳಿಗೆ ಪ್ರತಿಸ್ಪರ್ಧಿಯಾಯಿತು. ಇಂಧನ ಕುಡಿಯುವ ಹಳೆಯ ಗಾಡಿಯನ್ನೊಪ್ಪಿಸಿ ಹೊಸದನ್ನು ಕೊಂಡವರಿಗೆ 3,500 ಅಥವಾ 4,500 ಡಾಲರು ಕೊಟ್ಟು, ಬಂದ ಸುಮಾರು 6,77,000 ಗಾಡಿಗಳ ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿಸಿ ಕೆಡಿಸಲಾಯಿತು. ಹಾಗೆ ಹೋದವುಗಳ ಮುಂಚೂಣಿಯಲ್ಲಿ ಎಕ್ಸ್‌ಪ್ಲೋರರ್ ಇತ್ತು.

2018ರಿಂದ, ಯಾವ ರಸೀದಿಯನ್ನೂ ತೋರದೆ ದಂಪತಿಗಳು ಪಡೆಯಬಹುದಾದ ವಿನಾಯಿತಿ 24,000 ಡಾಲರಿಗೆ ಏರಿದ್ದರಿಂದ, ಬಹುಪಾಲು ಸಂಸಾರಗಳಿಗೆ ವಾಹನದಾನದಲ್ಲಿ ತೆರಿಗೆಯ ಲಾಭವೇ ಉಳಿಯಲಿಲ್ಲ. ಗಾಡಿಗಳು ಮಾತ್ರ ಬರುತ್ತಲೇ ಇವೆ. ಅಪರಿಚಿತ ಗಿರಾಕಿಯೊಡನೆ ಚೌಕಾಸಿ ಮಾಡುವ ಬೇಸರವೂ ಕೆಟ್ಟ ಗಿಯರುಪೆಟ್ಟಿಗೆಯ ದುರಸ್ತಿಯ ಖರ್ಚೂ ತಪ್ಪಿದರೆ ಸಾಕೆನ್ನುವವರು ಎಲ್ಲ ಕಾಲದಲ್ಲೂ ಇರುವುದರಿಂದ, ಸಾರ್ವಜನಿಕ ರೇಡಿಯೋ ಕೇಂದ್ರಗಳು ಇಂದಿಗೂ ಕೇಳುಗರ ಹಳೆಯ ಗಾಡಿಗಳನ್ನು ಬೇಡಿ ಪಡೆಯುತ್ತಿವೆ.